ಹೀಟ್ ಸ್ಟ್ರೋಕ್ ಆದ ಮೇಲೆ ಸೆಕೆ ತಡೆಯೋಕಾಗ್ತಿಲ್ಲವೇ? ಮೈಯನ್ನು ಮತ್ತೆ ಒಗ್ಗಿಸುವ ಬಗೆ

ಹೀಟ್ ಸ್ಟ್ರೋಕ್ ಆಗಿ, ಚಿಕಿತ್ಸೆ ಮುಗಿದು, ಮನೆಗೆ ಬಂದಾಯ್ತು. ಮೈ ಬಿಸಿ ಇಳಿದಿದೆ, ರಕ್ತಪರೀಕ್ಷೆ ಸರಿಯಾಗಿದೆ, ನೋಡಲು ಬಂದವರೆಲ್ಲ ‘ಈಗ ಆರಾಮಾಗಿದ್ದೀರಲ್ಲ’ ಅಂತಾರೆ. ಆದರೆ ಮಧ್ಯಾಹ್ನ ಸ್ವಲ್ಪ ಹೊತ್ತು ಹೊರಗೆ ನಿಂತರೆ ಸಾಕು, ತಲೆ ಭಾರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಪಕ್ಕದಲ್ಲಿ ನಿಂತವರಿಗೆ ಏನೂ ಆಗಿರುವುದಿಲ್ಲ.

ಇದು ನಿಮ್ಮ ಕಲ್ಪನೆಯಲ್ಲ. ಒಮ್ಮೆ ಶಾಖದ ಹೊಡೆತ ತಿಂದ ಮೈ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಮೊದಲಿನ ಹಾಗೆ ಸೆಕೆ ತಡೆದುಕೊಳ್ಳುವುದಿಲ್ಲ. ಬಹಳಷ್ಟು ಜನರಿಗೆ ಇದು ನಿಧಾನವಾಗಿ ಸರಿಹೋಗುತ್ತದೆ. ಕೆಲವರಿಗೆ ವರ್ಷದ ಹತ್ತಿರ ಹಿಡಿಯುತ್ತದೆ. ಒಂದಿಷ್ಟು ಜನರಿಗೆ ಪೂರ್ತಿ ಹೋಗದೆ ಉಳಿಯುವುದೂ ಉಂಟು.

ಈ ಸಮಯದಲ್ಲಿ ಜನ ಎರಡು ತಪ್ಪು ದಾರಿ ಹಿಡಿಯುತ್ತಾರೆ. ಒಂದು, ‘ಇಷ್ಟಕ್ಕೆಲ್ಲ ಹೆದರಿದರೆ ಹೇಗೆ’ ಅಂತ ಹಲ್ಲು ಕಚ್ಚಿ ಬಿಸಿಲಿಗೆ ಇಳಿಯುವುದು. ಇನ್ನೊಂದು, ಭಯಬಿದ್ದು ಎಸಿ ರೂಮು ಬಿಟ್ಟು ಕದಲದೇ ಇರುವುದು. ಮೊದಲನೆಯದು ಮತ್ತೆ ಆಸ್ಪತ್ರೆ ಸೇರಿಸಬಹುದು. ಎರಡನೆಯದರಲ್ಲಿ ಮೈ ಸೆಕೆಯ ಅಭ್ಯಾಸವನ್ನೇ ಮರೆತುಬಿಡುತ್ತದೆ, ಆಮೇಲೆ ಬಾಗಿಲಾಚೆ ಹೋಗುವುದೇ ಕಷ್ಟ. ನಾನು ಹೇಳಹೊರಟಿರುವ ದಾರಿ ಇವೆರಡರ ನಡುವೆ ಇದೆ. ನಿಮ್ಮ ಮೈ ಕೊಡುವ ಮೊದಲ ಸೂಚನೆಯನ್ನು ಗುರುತಿಸಿಕೊಳ್ಳಿ, ಅದು ಬಂದ ಕೂಡಲೇ ನಿಲ್ಲಿಸಿ, ಅದು ಬಾರದ ಮಿತಿಯಲ್ಲಿ ಪ್ರತಿದಿನ ಸ್ವಲ್ಪ ಸ್ವಲ್ಪ ಮುಂದೆ ಹೋಗಿ.

ಮೈಯೊಳಗೆ ಏನಾಗಿದೆ

ಮೈ ತನ್ನ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ರಕ್ತವನ್ನು ಚರ್ಮದ ಕಡೆ ಹೆಚ್ಚು ಹರಿಸುತ್ತದೆ, ಮತ್ತು ಬೆವರು ಸುರಿಸುತ್ತದೆ. ಚರ್ಮಕ್ಕೆ ಅಷ್ಟು ರಕ್ತ ಕಳಿಸಬೇಕಾದರೆ ಹೃದಯ ಜಾಸ್ತಿ ದುಡಿಯಬೇಕು, ಮೈಯಲ್ಲಿ ನೀರೂ ಸಾಕಷ್ಟಿರಬೇಕು. ಇದನ್ನೆಲ್ಲ ಮಿದುಳಿನ ಹೈಪೋಥಲಾಮಸ್ ಎಂಬ ಪುಟ್ಟ ಭಾಗ ನೋಡಿಕೊಳ್ಳುತ್ತದೆ.

ಹೀಟ್ ಸ್ಟ್ರೋಕ್ ಅಂದರೆ ಮೈಯೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಿದುಳಿನ ಕೆಲಸವೂ ಏರುಪೇರಾದ ಸ್ಥಿತಿ. ಅಷ್ಟು ಬಿಸಿಯಲ್ಲಿ ಕರುಳು, ಯಕೃತ್ತು, ಮೂತ್ರಪಿಂಡ, ಸ್ನಾಯು ಎಲ್ಲಕ್ಕೂ ಪೆಟ್ಟು ಬೀಳುತ್ತದೆ, ಮೈತುಂಬ ಉರಿಯೂತ ಹಬ್ಬುತ್ತದೆ. ಹೊರಗಿನಿಂದ ಗುಣವಾದಂತೆ ಕಂಡರೂ ಒಳಗಿನ ರಿಪೇರಿ ಇನ್ನೂ ನಡೆಯುತ್ತಿರುತ್ತದೆ. ಜೊತೆಗೆ ವಾರಗಟ್ಟಲೆ ಮಲಗಿದ್ದರಿಂದ ಹೃದಯದ ಕಸುವು ತಗ್ಗಿರುತ್ತದೆ. ಸೆಕೆಗೆ ಒಗ್ಗಿಕೊಂಡಿದ್ದ ಗುಣವೂ ಕರಗಿರುತ್ತದೆ.

ನಿಮಗೆ ಆಗಿದ್ದು ಹೀಟ್ ಸ್ಟ್ರೋಕ್ ಅಲ್ಲದೆ ಹೀಟ್ ಎಕ್ಸಾಷನ್, ಅಂದರೆ ವಿಪರೀತ ಬೆವರು, ಸುಸ್ತು, ವಾಂತಿ, ತಲೆಸುತ್ತು ಬಂದು ಪ್ರಜ್ಞೆ ಮಾತ್ರ ಸರಿಯಾಗೇ ಇದ್ದಿದ್ದರೆ, ಚೇತರಿಕೆ ಸಾಮಾನ್ಯವಾಗಿ ಬೇಗ. ಹೆಜ್ಜೆಗಳು ಅವೇ, ಹಂತಗಳನ್ನು ಸ್ವಲ್ಪ ಚುರುಕಾಗಿ ದಾಟಬಹುದು ಅಷ್ಟೆ.

ಹೆಜ್ಜೆ 1: ಮತ್ತೊಮ್ಮೆ ವೈದ್ಯರ ಹತ್ತಿರ ಹೋಗಿ

ಆಸ್ಪತ್ರೆಯಿಂದ ಬಿಟ್ಟ ಮೇಲೆ ಕನಿಷ್ಠ ಒಂದು ವಾರ ಯಾವ ವ್ಯಾಯಾಮವೂ ಬೇಡ. ಆ ವಾರದ ಕೊನೆಗೆ ವೈದ್ಯರನ್ನು ನೋಡಿ. ಮೂತ್ರಪಿಂಡ, ಯಕೃತ್ತು, ರಕ್ತದಲ್ಲಿನ ಸೋಡಿಯಂ ಮತ್ತು ಪೊಟ್ಯಾಶಿಯಂ, ಸ್ನಾಯುಗಳ ಪೆಟ್ಟು ತೋರಿಸುವ ಸಿಕೆ (ಕ್ರಿಯಾಟಿನ್ ಕೈನೇಸ್), ಈ ಪರೀಕ್ಷೆಗಳು ಮಾಮೂಲಿ ಮಟ್ಟಕ್ಕೆ ಬಂದಿವೆಯೇ ಅಂತ ಬಾಯಿಬಿಟ್ಟು ಕೇಳಿ. ಅವು ಸರಿಯಾಗುವ ತನಕ ಮುಂದಿನ ಹೆಜ್ಜೆಗಳ ಮಾತೇ ಇಲ್ಲ.

ನೀವು ತೆಗೆದುಕೊಳ್ಳುವ ಎಲ್ಲ ಔಷಧಿಗಳ ಪಟ್ಟಿಯೂ ಜೊತೆಗಿರಲಿ. ಎಷ್ಟೋ ಸಲ ಸೆಕೆ ತಡೆಯದಿರುವುದಕ್ಕೆ ಅರ್ಧ ಕಾರಣ ಮಾತ್ರೆಯ ಡಬ್ಬಿಯಲ್ಲೇ ಇರುತ್ತದೆ. ಮೂತ್ರ ಹೆಚ್ಚಿಸುವ ಡೈಯುರೆಟಿಕ್ ಮಾತ್ರೆಗಳು ಮೈಯ ನೀರು ಇಳಿಸುತ್ತವೆ. ಬೀಟಾ ಬ್ಲಾಕರ್‌ಗಳು ಹೃದಯದ ವೇಗಕ್ಕೆ ಕಡಿವಾಣ ಹಾಕುತ್ತವೆ. ನಿದ್ದೆ ಬರಿಸುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು, ಖಿನ್ನತೆಗೆ ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು, ಮೂರ್ಛೆರೋಗ ಮತ್ತು ಮೈಗ್ರೇನಿಗೆ ಕೊಡುವ ಟೋಪಿರಾಮೇಟ್ ಬೆವರನ್ನು ಕಡಿಮೆ ಮಾಡಬಹುದು. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಅಪಾಯಕ್ಕೆ ಏರಬಹುದು. ಹಾಗಂತ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಡೋಸ್, ಸಮಯ, ಬದಲಿ ಮಾತ್ರೆ, ಇವೆಲ್ಲ ವೈದ್ಯರ ಜೊತೆ ಕೂತು ಮಾತಾಡುವ ವಿಷಯ.

ನಡೆಯುವಾಗ ತೂರಾಡುವುದು, ಮಾತು ತೊದಲುವುದು, ಕೈ ನಡುಗುವುದು ಉಳಿದಿದ್ದರೆ ಅದನ್ನು ‘ನಿಶ್ಶಕ್ತಿ’ ಅಂತ ತಳ್ಳಿಹಾಕಬೇಡಿ. ಮಿದುಳಿನ ಹಿಂಭಾಗದ ಸೆರೆಬೆಲ್ಲಂ ಶಾಖಕ್ಕೆ ಬಹಳ ಸೂಕ್ಷ್ಮ. ನರರೋಗ ತಜ್ಞರಿಗೆ ತೋರಿಸಬೇಕಾದ ಲಕ್ಷಣಗಳಿವು.

ಹೆಜ್ಜೆ 2: ನಿಮ್ಮ ಮೊದಲ ಸೂಚನೆ ಯಾವುದು, ಕಂಡುಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಪಾಲಿಸುತ್ತೀರಾದರೆ ಇದನ್ನು ಪಾಲಿಸಿ.

ತಲೆಸುತ್ತು, ವಾಂತಿ, ಕಣ್ಣು ಕತ್ತಲೆ ಬರುವುದು ಎಲ್ಲರಿಗೂ ಗೊತ್ತು. ಆದರೆ ಅವು ತಡವಾಗಿ ಬರುವ ಸೂಚನೆಗಳು. ಅದಕ್ಕೂ ಮೊದಲೇ ಮೈ ಏನೋ ಒಂದು ಹೇಳಿರುತ್ತದೆ, ಅದು ಒಬ್ಬೊಬ್ಬರಿಗೂ ಒಂದೊಂದು ಥರ. ನನಗೆ ಹತ್ತಿರದವರೊಬ್ಬರಿಗೆ ಮೊದಲು ಮಾತು ನಿಲ್ಲುತ್ತಿತ್ತು. ಹರಟುತ್ತಾ ನಡೆಯುತ್ತಿದ್ದವರು ಸುಮ್ಮನಾಗುತ್ತಿದ್ದರು, ಕೇಳಿದ್ದಕ್ಕೆ ‘ಹೂಂ’ ಅಷ್ಟೇ. ಅವರಿಗದು ಗೊತ್ತೇ ಆಗುತ್ತಿರಲಿಲ್ಲ, ಜೊತೆಗಿದ್ದವರಿಗೆ ಗೊತ್ತಾಗುತ್ತಿತ್ತು. ಆಮೇಲೆ ಕಾಲು ಗಂಟೆಯಲ್ಲಿ ತಲೆನೋವು ಶುರು. ಬೇರೆಯವರಿಗೆ ಕಿವಿ ಬಿಸಿಯಾಗಬಹುದು. ಸುಮ್ಮಸುಮ್ಮನೆ ಸಿಟ್ಟು ಬರಬಹುದು. ಆಕಳಿಕೆ ಮೇಲೆ ಆಕಳಿಕೆ ಬರಬಹುದು. ತೋಳಿನ ಮೇಲೆ ಮುಳ್ಳೆದ್ದು ಚಳಿ ಹೊಕ್ಕಂತಾಗಬಹುದು. ಬಿಸಿಲಲ್ಲಿ ಮೈ ಜುಮ್ಮೆಂದು ಚಳಿಯಾದರೆ ತಕ್ಷಣ ನೆರಳಿಗೆ ಬನ್ನಿ, ಅದು ಒಳ್ಳೆಯ ಲಕ್ಷಣವಲ್ಲ.

ಕಂಡುಕೊಳ್ಳುವುದು ಹೇಗೆ? ಒಂದು ಚಿಕ್ಕ ನೋಟ್‌ಬುಕ್ ಇಡಿ. ಸೆಕೆಯಿಂದ ತೊಂದರೆಯಾದ ಪ್ರತಿ ಸಲವೂ, ಆರಾಮಾದ ಮೇಲೆ, ಹಿಂದಕ್ಕೆ ಎಣಿಸಿ ಬರೆಯಿರಿ. ಹೀಗಿರಲಿ:

‘ಬೆಳಿಗ್ಗೆ 10:30. ನೆರಳಲ್ಲಿ ನಡಿಗೆ, 15 ನಿಮಿಷ. ಉಷ್ಣತೆ 31, ತೇವಾಂಶ 70. ರಾತ್ರಿ ನಿದ್ದೆ ಕಡಿಮೆ. 10ನೇ ನಿಮಿಷಕ್ಕೆ ಕಿವಿ ಬಿಸಿ, 13ಕ್ಕೆ ಎದೆಬಡಿತ ಜೋರು. ಒಳಗೆ ಬಂದು ಕೈ ನೀರಲ್ಲಿಟ್ಟೆ. 20 ನಿಮಿಷಕ್ಕೆ ಸರಿಹೋಯ್ತು.’

ಇಂಥ ಏಳೆಂಟು ಟಿಪ್ಪಣಿ ಸೇರಿದ ಮೇಲೆ ಒಟ್ಟಿಗೆ ಓದಿ ನೋಡಿ. ಪ್ರತಿ ಸಲವೂ ಮೊದಲು ಬಂದಿದ್ದು ಏನು ಅನ್ನುವುದು ಎದ್ದು ಕಾಣುತ್ತದೆ. ಮನೆಯವರನ್ನೂ ಕೇಳಿ, ‘ನನಗೆ ಹೀಗಾಗುವ ಮೊದಲು ನಿಮಗೆ ಏನಾದರೂ ಕಾಣುತ್ತಾ?’ ಅಂತ. ಅವರು ಹೇಳುವುದು ಹೆಚ್ಚು ನಿಖರವಾಗಿರುತ್ತದೆ.

ಸೂಚನೆ ಸಿಕ್ಕ ಮೇಲೆ ನಿಯಮ ಸುಲಭ. ಅದು ಬಂದರೆ ನಿಲ್ಲಿಸಬೇಕು. ‘ಇನ್ನೈದು ನಿಮಿಷ, ಮುಗಿಸಿಬಿಡ್ತೀನಿ’ ಅನ್ನೋದು ಬೇಡ. ಮೈ ಬಿಸಿಯಾದಾಗ ನಿರ್ಧಾರ ತೆಗೆದುಕೊಳ್ಳುವ ಶಕ್ತಿಯೇ ಮಂಕಾಗುತ್ತದೆ, ಆಗ ಮಾಡುವ ಲೆಕ್ಕಾಚಾರವನ್ನು ನಂಬಬಾರದು. ಎಲ್ಲಿ ನಿಲ್ಲಿಸಬೇಕೆಂದು ತಂಪಾಗಿ ಕೂತಿದ್ದಾಗಲೇ ತೀರ್ಮಾನಿಸಿ.

ಇಲ್ಲೊಂದು ಗೊಂದಲ ಬರುತ್ತದೆ. ಒಮ್ಮೆ ಕುಸಿದುಬಿದ್ದವರಿಗೆ ಭಯ ಇದ್ದೇ ಇರುತ್ತದೆ. ಎದೆ ಹೊಡೆದುಕೊಂಡರೆ ಅದು ಸೆಕೆಯಿಂದಲೋ ಗಾಬರಿಯಿಂದಲೋ ಗೊತ್ತಾಗುವುದಿಲ್ಲ. ಅನುಮಾನ ಇದ್ದಾಗ ಸೆಕೆಯೇ ಅಂದುಕೊಂಡು ಮೈ ತಂಪು ಮಾಡಿಕೊಳ್ಳಿ, ಅದರಿಂದ ನಷ್ಟವಿಲ್ಲ. ತಂಪಾದ ಕೋಣೆಯಲ್ಲಿ ಸುಮ್ನೆ ಕೂತಾಗಲೂ, ನಾಳೆ ಹೊರಗೆ ಹೋಗಬೇಕೆಂದು ನೆನೆದಾಗಲೂ ಹಾಗೇ ಆಗುತ್ತಿದ್ದರೆ ಅದು ಗಾಬರಿ ಇರಬಹುದು. ಅದಕ್ಕೂ ಚಿಕಿತ್ಸೆ ಇದೆ, ಕೇಳಲು ಸಂಕೋಚ ಬೇಡ.

ಹೆಜ್ಜೆ 3: ಮೂರು ಅಳತೆ

ನಾಡಿ ಮೊದಲನೆಯದು. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಒಂದು ನಿಮಿಷ ಎಣಿಸಿ ಬರೆದಿಡಿ. ಮಾಮೂಲಿಗಿಂತ ಹತ್ತು ಬಡಿತ ಹೆಚ್ಚಿದ್ದರೆ ಅವತ್ತು ವಿಶ್ರಾಂತಿ. ಕೆಲಸದ ನಡುವೆಯೂ ಕೂತು ಒಮ್ಮೆ ನೋಡಿಕೊಳ್ಳಿ. ವಿಶ್ರಾಂತಿಗೆ ಕೂತಾಗ ನಿಮಿಷಕ್ಕೆ 110ಕ್ಕಿಂತ ಹೆಚ್ಚಿದ್ದರೆ ಮುಂದಿನ ಸರದಿಯ ಕೆಲಸವನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರ ನಾಡಿ ಔಷಧಿಯಿಂದಲೇ ತಗ್ಗಿರುತ್ತದೆ.

ಎರಡನೆಯದು ತೂಕ. ಹೊರಗಿನ ಕೆಲಸ ಅಥವಾ ನಡಿಗೆಗೆ ಮೊದಲು ಮತ್ತು ಆಮೇಲೆ ತೂಗಿ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ ಅಂತ. ಮೈತೂಕದ ಶೇಕಡಾ 2ಕ್ಕಿಂತ ಹೆಚ್ಚು ಇಳಿಯಬಾರದು. 60 ಕಿಲೋ ಇರುವವರಿಗೆ ಅದು 1.2 ಕಿಲೋ. ತೂಕ ಏರಿದ್ದರೆ ನೀರು ಜಾಸ್ತಿ ಕುಡಿದಿದ್ದೀರಿ.

ಮೂರನೆಯದು ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿ ಇದ್ದರೆ ನೀರು ಸಾಲದು. ಕಾಫಿ ಅಥವಾ ಕೋಲಾದಂಥ ಕಂದು ಬಣ್ಣ ಕಂಡರೆ ನೀರು ಕುಡಿದು ಕಾಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತಿರುವ ಲಕ್ಷಣವದು.

ಹೆಜ್ಜೆ 4: ಉಷ್ಣತೆ ಒಂದನ್ನೇ ನೋಡಬೇಡಿ

ಹವಾಮಾನ ಆ್ಯಪ್‌ನಲ್ಲಿ 32 ಡಿಗ್ರಿ ಅಂತ ನೋಡಿ ಧೈರ್ಯ ಮಾಡುವವರು ಬಹಳ. ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ. ಅದು ಚರ್ಮದ ಮೇಲೆ ಆವಿಯಾಗಿ ಹೋಗಬೇಕು, ಆಗಲೇ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆವಿಯಾಗದೆ ಸುಮ್ನೆ ತೊಟ್ಟಿಕ್ಕುತ್ತದೆ. ನೀರೂ ಹೋಯ್ತು, ಉಪ್ಪೂ ಹೋಯ್ತು, ತಂಪು ಮಾತ್ರ ಸಿಗಲಿಲ್ಲ. ಅದಕ್ಕೇ ಒಣ ಹವೆಯ 36 ಡಿಗ್ರಿಗಿಂತ ಒದ್ದೆ ಹವೆಯ 32 ಡಿಗ್ರಿ ಹೆಚ್ಚು ಹಿಂಸೆ ಕೊಡಬಹುದು.

ಇನ್ನೊಂದು ವಿಷಯ. ಆ್ಯಪ್ ತೋರಿಸುವುದು ನೆರಳಿನ ಲೆಕ್ಕ. ನೇರ ಬಿಸಿಲಲ್ಲಿ ಮೈಗೆ ತಾಕುವ ಶಾಖ ಇನ್ನೂ 8 ಡಿಗ್ರಿಯಷ್ಟು ಹೆಚ್ಚಿದ್ದಂತೆ ಅನ್ನಿಸಬಹುದು. ಉಷ್ಣತೆ, ತೇವಾಂಶ, ಬಿಸಿಲು, ಗಾಳಿ ನಾಲ್ಕನ್ನೂ ಸೇರಿಸಿ ಹೇಳುವ ಅಳತೆಗೆ ಡಬ್ಲ್ಯುಬಿಜಿಟಿ ಎನ್ನುತ್ತಾರೆ. 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಸೈನಿಕರು ಕುಸಿದುಬೀಳುವುದನ್ನು ತಡೆಯಲು ಹುಟ್ಟಿದ ಅಳತೆ ಇದು. ಅದರ ಲೆಕ್ಕದಲ್ಲಿ ಶೇಕಡಾ 70ರಷ್ಟು ಪಾಲನ್ನು ಒದ್ದೆ ಬಟ್ಟೆ ಸುತ್ತಿದ, ಅಂದರೆ ಗಾಳಿಯ ತೇವ ಹೆಚ್ಚಿದಷ್ಟೂ ಮೇಲೇರುವ ಥರ್ಮಾಮೀಟರಿಗೇ ಕೊಟ್ಟಿದ್ದಾರೆ. ತೇವಾಂಶಕ್ಕೆ ಎಷ್ಟು ಬೆಲೆ ಇದೆ ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ? ಆ ಅಳತೆ ನಿಮಗೆ ಸಿಗದಿದ್ದರೆ ಉಷ್ಣತೆ ಮತ್ತು ತೇವಾಂಶ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ, ಯಾವ ಜೋಡಿ ನಿಮಗೆ ಆಗುವುದಿಲ್ಲ ಅಂತ ಬೇಗ ಗೊತ್ತಾಗುತ್ತದೆ.

ನಿಲ್ಲಿಸಿದ ಕಾರಿನ ಬಗ್ಗೆ ಎಚ್ಚರ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ 10 ಡಿಗ್ರಿಯಷ್ಟು ಏರುತ್ತದೆ. ಬಾಗಿಲುಗಳನ್ನೆಲ್ಲ ತೆರೆದು ಬಿಸಿಗಾಳಿ ಹೊರಹೋದ ಮೇಲೆ ಕೂತುಕೊಳ್ಳಿ.

ಹೆಜ್ಜೆ 5: ಮೈ ತಂಪು ಮಾಡಿಕೊಳ್ಳುವ ಜಾಗ ಮತ್ತು ವಿಧಾನ

ಮನೆಯಲ್ಲಿ ಒಂದು ಕೋಣೆಯನ್ನಾದರೂ ತಂಪಾಗಿ ಇಡಿ. ಬಿಸಿಲು ಬೀಳುವ ಕಿಟಕಿಗೆ ಹೊರಗಡೆಯಿಂದ ಮರೆ ಕಟ್ಟಿ. ಒಳಗಿನ ಪರದೆಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ, ಯಾಕೆಂದರೆ ಶಾಖ ಗಾಜು ದಾಟುವ ಮೊದಲೇ ನಿಲ್ಲುತ್ತದೆ. ಹಗಲು ಮುಚ್ಚಿ, ಹೊರಗೆ ತಂಪಾದ ಮೇಲೆ ತೆರೆಯಿರಿ.

ಫ್ಯಾನ್ ಒಳ್ಳೆಯದೇ, ಆದರೆ ಅದಕ್ಕೂ ಒಂದು ಮಿತಿ ಇದೆ. ಕೋಣೆಯ ಗಾಳಿ 40 ಡಿಗ್ರಿ ದಾಟಿದರೆ ಫ್ಯಾನು ಬಿಸಿಗಾಳಿಯನ್ನೇ ಮೈಮೇಲೆ ಸುರಿಯುತ್ತದೆ, ತಂಪಿನ ಬದಲು ಬಿಸಿ ಹೆಚ್ಚಾಗುತ್ತದೆ. ಹಾಗಾದಾಗ ತಂಪಾದ ಬೇರೆ ಜಾಗಕ್ಕೆ ಹೋಗುವುದೇ ಸರಿ.

ಎಸಿ ಇಲ್ಲದವರಿಗೆ ನಾನು ಮೊದಲು ಹೇಳುವ ಉಪಾಯ ಕೈ ನೀರಲ್ಲಿಡುವುದು. ಅಂಗೈ, ಅಂಗಾಲು, ಮುಖ ಈ ಮೂರು ಕಡೆ ಚರ್ಮದ ಕೆಳಗೆ ವಿಶೇಷ ರಕ್ತನಾಳಗಳಿವೆ. ಮೈ ಬಿಸಿಯಾದಾಗ ಅವು ಅಗಲವಾಗಿ ತೆರೆದು ಬಹಳಷ್ಟು ರಕ್ತವನ್ನು ಚರ್ಮದ ಹತ್ತಿರ ತರುತ್ತವೆ. ಒಂದು ಬಕೆಟ್ ತಣ್ಣೀರು ತುಂಬಿ, ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ಮೊಣಕೈವರೆಗೆ ಎರಡೂ ಕೈ ಮುಳುಗಿಸಿ. 10ರಿಂದ 20 ನಿಮಿಷ ಇಡಿ, ಬೆರಳುಗಳನ್ನು ಆಗಾಗ ಆಡಿಸಿ, ನೀರು ಬೆಚ್ಚಗಾದರೆ ಬದಲಿಸಿ. ಸ್ವಲ್ಪ ಹೊತ್ತಿಗೆ ಕತ್ತಿನ ಹಿಂದಿನ ಬಿಗಿ ಸಡಿಲವಾಗುವುದು ನಿಮಗೇ ತಿಳಿಯುತ್ತದೆ. ಬೆಂಕಿ ಆರಿಸುವ ಸಿಬ್ಬಂದಿಯೂ ವಿಶ್ರಾಂತಿಯ ಹೊತ್ತಿನಲ್ಲಿ ಹೀಗೇ ಮಾಡುತ್ತಾರೆ. ಹೊರಗಿದ್ದಾಗ ಬಕೆಟ್ ಸಿಗಲಿಕ್ಕಿಲ್ಲ, ಆಗ ಬಟ್ಟೆ ಒದ್ದೆ ಮಾಡಿ ಮುಖ, ಕತ್ತು, ತೋಳಿನ ಮೇಲೆ ಹಾಕಿ ಗಾಳಿ ಬೀಸಿಕೊಳ್ಳಿ.

ರಾತ್ರಿಯ ತಂಪಿಗೆ ಹಗಲಿಗಿಂತ ಹೆಚ್ಚು ಗಮನ ಕೊಡಿ. ಸೆಕೆಯಲ್ಲಿ ಹೊರಳಾಡಿ ಎದ್ದ ಮೈ ಮರುದಿನ ಬೇಗ ಸೋಲುತ್ತದೆ. ಮಲಗುವ ಮುಂಚೆ ತಣ್ಣೀರಲ್ಲಿ ಮೈ ತೊಳೆದು, ಮೈ ಪೂರ್ತಿ ಒರೆಸದೆ ಗಾಳಿಗೆ ಒಡ್ಡಿ ಮಲಗುವುದು ಸರಳ ಪರಿಹಾರ. ಸೌನಾ, ಉಗಿ ಸ್ನಾನ, ಸುಡು ಸುಡು ಬಿಸಿನೀರಿನ ಸ್ನಾನ ಈ ಕಾಲದಲ್ಲಿ ಬೇಡ.

ಬಟ್ಟೆ ಸಡಿಲವಾಗಿರಲಿ, ತೆಳುವಾಗಿರಲಿ, ತಿಳಿ ಬಣ್ಣದ್ದಿರಲಿ. ಬಿಸಿಲಿನಿಂದ ಚರ್ಮ ಸುಟ್ಟುಕೊಳ್ಳದಂತೆ, ಬೆವರುಸಾಲೆ ಏಳದಂತೆ ನೋಡಿಕೊಳ್ಳಿ. ಎರಡೂ ಆದ ಜಾಗದಲ್ಲಿ ಬೆವರು ಸರಿಯಾಗಿ ಬರುವುದಿಲ್ಲ, ಸಾಲೆ ಮಾಯವಾದ ಮೇಲೂ ಕೆಲವು ಕಾಲ ಹಾಗೇ ಇರುತ್ತದೆ.

ಹೆಜ್ಜೆ 6: ನೀರು, ಉಪ್ಪು

ಸೆಕೆಯಲ್ಲಿ ಕೆಲಸ ಮಾಡುವಾಗ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 200–250 ಮಿಲಿ ಲೀಟರ್ ಕುಡಿಯಿರಿ. ಒಮ್ಮೆಲೇ ಒಂದು ಲೀಟರ್ ಸುರಿದುಕೊಳ್ಳುವುದರಿಂದ ಉಪಯೋಗವಿಲ್ಲ. ಗಂಟೆಗೆ ಒಂದೂವರೆ ಲೀಟರ್ ದಾಟಬಾರದು. ಬರೀ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ನೋಡಲು ಥೇಟ್ ಹೀಟ್ ಸ್ಟ್ರೋಕ್ ಥರವೇ ಇರುತ್ತದೆ, ಆಗ ಇನ್ನಷ್ಟು ನೀರು ಕುಡಿಸಿದರೆ ಅಪಾಯ ಹೆಚ್ಚುತ್ತದೆ. ಉಂಗುರ ಬಿಗಿಯಾಗುವಷ್ಟು ಬೆರಳು ಊದಿದ್ದರೆ, ತೂಕ ಏರಿದ್ದರೆ ಅದು ನೀರು ಹೆಚ್ಚಾಗಿರುವ ಸುಳಿವು.

ಹೊತ್ತು ಹೊತ್ತಿಗೆ ಊಟ ಮಾಡುವವರಿಗೆ ಉಪ್ಪು ಊಟದಲ್ಲೇ ಸಿಗುತ್ತದೆ. ಗಂಟೆಗಟ್ಟಲೆ ಬೆವರು ಸುರಿಸಿದ ದಿನ ಓಆರ್‌ಎಸ್ ಕುಡಿಯಬಹುದು. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಉಪ್ಪಿನ ಮಾತ್ರೆ ಬೇಡ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ನೀರು, ಉಪ್ಪು ಎರಡರ ಅಳತೆಯನ್ನೂ ತಮ್ಮ ವೈದ್ಯರಿಂದಲೇ ಕೇಳಿ ತಿಳಿಯಬೇಕು. ಈ ಪ್ಯಾರಾದ ಲೆಕ್ಕ ಅವರಿಗಲ್ಲ.

ಹೆಜ್ಜೆ 7: ಮತ್ತೆ ಒಗ್ಗಿಕೊಳ್ಳುವುದು

ಸೆಕೆಗೆ ಒಗ್ಗಿಕೊಳ್ಳುವುದು ಅಂದರೆ ಸಹಿಸುವುದನ್ನು ಕಲಿಯುವುದಲ್ಲ, ಮೈಯೊಳಗೆ ನಿಜವಾಗಿ ಬದಲಾವಣೆ ಆಗುವುದು. ಪ್ರತಿದಿನ ಸ್ವಲ್ಪ ಹೊತ್ತು ಸೆಕೆಯಲ್ಲಿ ಮೈ ಆಡಿಸಿದರೆ ಮೊದಲ ಕೆಲವು ದಿನಗಳಲ್ಲೇ ರಕ್ತದಲ್ಲಿನ ದ್ರವದ ಅಂಶ ಹೆಚ್ಚಿ ನಾಡಿ ತಗ್ಗುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ಆರೋಗ್ಯವಂತರಿಗೆ ಇದಕ್ಕೆಲ್ಲ ಒಂದರಿಂದ ಎರಡು ವಾರ ಸಾಕು. ನಿಮಗೆ ಅದಕ್ಕಿಂತ ಹೆಚ್ಚು ಬೇಕು ಅಂತಲೇ ಲೆಕ್ಕ ಹಾಕಿಕೊಳ್ಳಿ.

ಮೊದಲ ಹಂತ ಪೂರ್ತಿ ತಂಪಿನಲ್ಲೇ. ಒಳಾಂಗಣದಲ್ಲಿ ಅಥವಾ ನಸುಕಿನಲ್ಲಿ 10–15 ನಿಮಿಷ ನಿಧಾನ ನಡಿಗೆ. ನಡೆಯುತ್ತಾ ಪೂರ್ತಿ ವಾಕ್ಯ ಆಡಲು ಆಗಬೇಕು, ಏದುಸಿರು ಬಂದರೆ ವೇಗ ಹೆಚ್ಚಾಯಿತು ಅಂತ. ತಂಪಿನಲ್ಲಿ ಅರ್ಧ ಗಂಟೆ ಯಾವ ಸೂಚನೆಯೂ ಇಲ್ಲದೆ ನಡೆಯುವ ತನಕ ಇಲ್ಲೇ ಇರಿ. ಬೇಸರ ಬರುತ್ತದೆ, ಆದರೂ ಇರಿ.

ಆಮೇಲೆ ಸೆಕೆಯನ್ನು ಸೇರಿಸುವ ಹಂತ. ಬಿಸಿಲೇರುವ ಮೊದಲು, ನೆರಳಿನಲ್ಲಿ, ಮತ್ತೆ 10 ನಿಮಿಷದಿಂದ ಆರಂಭಿಸಿ. ಇಲ್ಲಿ ತಪ್ಪದೆ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ. ಹೊತ್ತು ಹೆಚ್ಚಿಸಿದ ದಿನ ವೇಗ ಹೆಚ್ಚಿಸಬೇಡಿ. ತಡವಾಗಿ, ಅಂದರೆ ಬಿಸಿ ಹೆಚ್ಚಿದ ಹೊತ್ತಿನಲ್ಲಿ ಹೊರಟ ದಿನ ನಡಿಗೆಯ ಸಮಯ ಮೊದಲಿನಷ್ಟೇ ಇರಲಿ, ಬೇಕಾದರೆ ಇನ್ನೂ ಕಡಿಮೆಯಿರಲಿ. ಹೆಲ್ಮೆಟ್, ದಪ್ಪ ಸಮವಸ್ತ್ರ, ಬೆನ್ನಿಗೆ ಚೀಲ, ಇವೂ ಒಂದೊಂದು ಹೆಚ್ಚಳವೇ. ಹೊಸ ಮಟ್ಟದಲ್ಲಿ ಎರಡು ಮೂರು ದಿನ ಆರಾಮಾಗಿ ಕಳೆದ ಮೇಲೆ ಮುಂದಿನದು. ಸೂಚನೆ ಬಂದರೆ ಅವತ್ತಿಗೆ ನಿಲ್ಲಿಸಿ, ಮರುದಿನ ಹಿಂದಿನ ಮಟ್ಟಕ್ಕೆ ಇಳಿಯಿರಿ. ಇದರಲ್ಲಿ ಸೋಲೇನಿಲ್ಲ, ನಿಮ್ಮ ಇವತ್ತಿನ ಮಿತಿ ಎಲ್ಲಿದೆ ಅಂತ ತಿಳಿಯಿತು. ಒಬ್ಬರೇ ಹೋಗಬೇಡಿ.

ಓಟ, ಪಂದ್ಯ, ಭಾರ ಹೊರುವ ಕೆಲಸಕ್ಕೆ ಮರಳುವವರು ಕನಿಷ್ಠ ಎರಡು ವಾರ ಈ ಏರಿಕೆ ಮುಗಿಸಿ, ಆಮೇಲೂ ಎರಡರಿಂದ ನಾಲ್ಕು ವಾರ ಪೂರ್ತಿ ಅಭ್ಯಾಸ ತೊಂದರೆಯಿಲ್ಲದೆ ಮಾಡಿದ ಮೇಲೆಯೇ ಸ್ಪರ್ಧೆಗೆ ಇಳಿಯಬೇಕು.

ಹೆಜ್ಜೆ 8: ಕೆಲಸಕ್ಕೆ ಮರಳುವಾಗ

ಬಿಸಿಯಲ್ಲಿ ದುಡಿಯುವವರಿಗಾಗಿ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಎರಡು ಲೆಕ್ಕ ಕೊಟ್ಟಿದೆ. ಅನುಭವ ಇದ್ದು ಬಿಡುವಿನ ನಂತರ ಬರುವವರಿಗೆ ಮೊದಲ ದಿನ ಮಾಮೂಲಿ ಸೆಕೆಯ ಕೆಲಸದ ಶೇಕಡಾ 50, ಎರಡನೇ ದಿನ 60, ಮೂರನೇ ದಿನ 80, ನಾಲ್ಕನೇ ದಿನ ಪೂರ್ತಿ. ಹೊಸಬರಿಗೆ ಮೊದಲ ದಿನ ಬರೀ ಶೇಕಡಾ 20, ಆಮೇಲೆ ದಿನಕ್ಕೆ 20ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಎಷ್ಟೇ ವರ್ಷಗಳ ಅನುಭವ ಇದ್ದರೂ ನೀವು ಈಗ ಹೊಸಬರೇ. ಎಂಟು ಗಂಟೆಯ ಪಾಳಿಯಾದರೆ ಮೊದಲ ದಿನ ಒಂದೂವರೆ ಗಂಟೆ ಬಿಸಿಯಲ್ಲಿ, ಉಳಿದದ್ದು ತಂಪಿನಲ್ಲಿ. 20ರ ಬದಲು 10ರಂತೆ ಏರಿಸಿದರೆ ಇನ್ನೂ ಒಳ್ಳೆಯದು.

ಮೇಲಿನವರ ಹತ್ತಿರ ‘ನನಗೆ ಬಿಸಿಲು ಆಗಲ್ಲ’ ಅಂದರೆ ಯಾರೂ ಕಿವಿಗೊಡುವುದಿಲ್ಲ. ‘ವೈದ್ಯರು ಇಷ್ಟು ವಾರ ಹೀಗೆ ಏರಿಸಿ ಅಂದಿದ್ದಾರೆ, ಚೀಟಿ ಇಲ್ಲಿದೆ, ಗಂಟೆಗೊಮ್ಮೆ ಹತ್ತು ನಿಮಿಷ ನೆರಳು ಬೇಕು’ ಅಂತ ಬರೆದು ಕೊಡಿ. ಅಡುಗೆಮನೆ, ಬಾಯ್ಲರ್ ಕೋಣೆ, ಇಸ್ತ್ರಿ ಕೆಲಸ, ಇವಕ್ಕೂ ಇದೇ ಲೆಕ್ಕ. ಶಾಖ ಒಲೆಯಿಂದ ಬಂದರೂ ಮೈಗೆ ಅದು ಶಾಖವೇ.

ಪೂರ್ತಿ ರಜೆ ಬೇಕಾದ ದಿನಗಳು

ಜ್ವರ, ಭೇದಿ, ವಾಂತಿ, ನಿದ್ದೆಗೆಟ್ಟ ರಾತ್ರಿ, ಹಿಂದಿನ ದಿನ ಮದ್ಯ ಕುಡಿದಿದ್ದು. ಇವುಗಳಲ್ಲಿ ಒಂದಿದ್ದರೂ ಅವತ್ತು ಬಿಸಿಲಿಗೆ ಇಳಿಯಬೇಡಿ. ನಿನ್ನೆ ಆರಾಮಾಗಿ ನಡೆದ ಅದೇ ದಾರಿ ಇವತ್ತು ಕೆಡವಬಹುದು. ಒಂದು ದಿನದ ಸೆಕೆ ಮೈಯಲ್ಲಿ ಮರುದಿನಕ್ಕೂ ಉಳಿಯುತ್ತದೆ, ಹಾಗಾಗಿ ಕಷ್ಟದ ದಿನದ ಹಿಂದೆಯೇ ಇನ್ನೊಂದು ಕಷ್ಟದ ದಿನ ಇಟ್ಟುಕೊಳ್ಳಬೇಡಿ.

ಹೆಜ್ಜೆ 9: ಜೊತೆಗಿರುವವರಿಗೆ ಹೇಳಿಕೊಡಿ

ಮತ್ತೆ ಹೀಟ್ ಸ್ಟ್ರೋಕ್ ಆದರೆ ನಿಮಗೆ ನೀವು ಸಹಾಯ ಮಾಡಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಮನೆಯವರು, ಜೊತೆಯಲ್ಲಿ ಕೆಲಸ ಮಾಡುವವರು ಇದನ್ನು ಮೊದಲೇ ತಿಳಿದಿರಬೇಕು.

ಮಾತು ತಡವರಿಸುವುದು, ಅರ್ಥವಿಲ್ಲದ ಉತ್ತರ, ತೂರಾಟ, ಫಿಟ್ಸ್, ಪ್ರಜ್ಞೆ ತಪ್ಪುವುದು, ಇದರಲ್ಲಿ ಯಾವುದು ಕಂಡರೂ ತುರ್ತು. ಬೆವರು ಬರುತ್ತಿದೆ, ಹಾಗಾಗಿ ಏನಿಲ್ಲ ಅಂದುಕೊಳ್ಳಬೇಡಿ. ದುಡಿಯುವಾಗ ಆಗುವ ಹೀಟ್ ಸ್ಟ್ರೋಕ್‌ನಲ್ಲಿ ಮೈ ಬೆವರಿನಲ್ಲಿ ತೊಯ್ದೇ ಇರಬಹುದು. ಹಣೆಯ ಥರ್ಮಾಮೀಟರನ್ನೂ ನಂಬಬೇಡಿ, ಒಳಗಿನ ಬಿಸಿ ಅದಕ್ಕೆ ಕಾಣುವುದಿಲ್ಲ.

ಆಂಬುಲೆನ್ಸಿಗೆ ಕರೆ ಮಾಡಿ, ಅದು ಬರುವ ತನಕ ಕಾಯದೆ ಅಲ್ಲೇ ತಂಪು ಮಾಡಲು ಶುರು ಮಾಡಿ. ದೊಡ್ಡ ತೊಟ್ಟಿಯಲ್ಲಿ ತಣ್ಣೀರು ಇದ್ದರೆ ಕತ್ತಿನವರೆಗೆ ಮುಳುಗಿಸಿ, ತಲೆ ನೀರಿನ ಮೇಲಿರುವಂತೆ ಹಿಡಿದುಕೊಳ್ಳಿ. ತೊಟ್ಟಿ ಇಲ್ಲವೆಂದರೆ ಮೈತುಂಬ ನೀರು ಸುರಿದು ಜೋರಾಗಿ ಗಾಳಿ ಹಾಕಿ, ಒದ್ದೆ ಬಟ್ಟೆಗಳನ್ನು ಆಗಾಗ ಬದಲಿಸಿ. ಮೊದಲ ಅರ್ಧ ಗಂಟೆಯೊಳಗೆ ಮೈ ಬಿಸಿ ಇಳಿಯುವುದು ಪ್ರಾಣದ ಪ್ರಶ್ನೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್, ಆಸ್ಪಿರಿನ್ ಕೊಡಬೇಡಿ. ಇದು ಜ್ವರವಲ್ಲ, ಅವು ಈ ಬಿಸಿಯನ್ನು ಇಳಿಸುವುದಿಲ್ಲ, ಮೊದಲೇ ಪೆಟ್ಟು ತಿಂದ ಯಕೃತ್ತಿಗೆ ಇನ್ನಷ್ಟು ತೊಂದರೆ ಮಾಡಬಹುದು.

ನಿಮ್ಮ ಫೋನಿನ ತುರ್ತು ಮಾಹಿತಿಯಲ್ಲಿ ‘ಈ ಹಿಂದೆ ಹೀಟ್ ಸ್ಟ್ರೋಕ್ ಆಗಿದೆ’ ಅಂತ, ಔಷಧಿಗಳ ಹೆಸರು ಸಮೇತ ಬರೆದಿಡಿ.

ತಿಂಗಳುಗಳಾದರೂ ಸುಧಾರಿಸದಿದ್ದರೆ

ನೋಟ್‌ಬುಕ್ ತೆಗೆದುಕೊಂಡು ಮತ್ತೆ ವೈದ್ಯರ ಹತ್ತಿರ ಹೋಗಿ. ಥೈರಾಯ್ಡ್ ಹೆಚ್ಚಾಗಿರುವುದು, ರಕ್ತಹೀನತೆ, ಎದ್ದು ನಿಂತಾಗ ನಾಡಿ ವಿಪರೀತ ಏರುವ ಪಾಟ್ಸ್ ಎಂಬ ತೊಂದರೆ, ಬೆವರೇ ಸರಿಯಾಗಿ ಬಾರದ ಸಮಸ್ಯೆ, ಇವು ಹಿಂದೆ ಅಡಗಿರಬಹುದು. ಮೈಯ ಯಾವುದಾದರೂ ಭಾಗ ಬೆವರುತ್ತಲೇ ಇಲ್ಲ ಅನ್ನಿಸಿದ್ದರೆ ಅದನ್ನು ವಿಶೇಷವಾಗಿ ಹೇಳಿ.

ಕೆಲವು ದೇಶಗಳಲ್ಲಿ ಹೀಟ್ ಟಾಲರೆನ್ಸ್ ಟೆಸ್ಟ್ ಎಂಬ ಪರೀಕ್ಷೆ ಇದೆ. ಇಸ್ರೇಲ್ ಸೇನೆಯಲ್ಲಿ ರೂಢಿಗೆ ಬಂದ ಅದರ ಕ್ರಮ ಹೀಗೆ: 40 ಡಿಗ್ರಿ ಉಷ್ಣತೆ, ಶೇಕಡಾ 40 ತೇವಾಂಶದ ಕೋಣೆಯಲ್ಲಿ, ಸ್ವಲ್ಪ ಏರು ಕೊಟ್ಟ ಟ್ರೆಡ್‌ಮಿಲ್ ಮೇಲೆ, ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಎರಡು ಗಂಟೆ ನಡಿಗೆ. ಒಳಗಿನ ಉಷ್ಣತೆ ಮತ್ತು ನಾಡಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತವೆಯೇ, ಏರುತ್ತಲೇ ಹೋಗುತ್ತವೆಯೇ ಅಂತ ನೋಡುತ್ತಾರೆ. ಇದನ್ನು ಮನೆಯಲ್ಲಿ ನೀವೇ ಮಾಡಿನೋಡುವ ಸಾಹಸ ಖಂಡಿತ ಬೇಡ. ಸೈನಿಕರು, ಓಟಗಾರರು, ಬೆಂಕಿ ಆರಿಸುವವರು ತಮ್ಮ ಸಂಸ್ಥೆಯ ವೈದ್ಯರನ್ನು ಇದರ ಬಗ್ಗೆ ಕೇಳಬಹುದು.

ಮುಂದಿನ ಬೇಸಿಗೆಗೆ ಮೊದಲು

ಒಗ್ಗಿಕೊಂಡ ಗುಣ ಶಾಶ್ವತವಲ್ಲ. ಸೆಕೆಯಿಂದ ಒಂದು ವಾರ ದೂರವಿದ್ದರೆ ಇಳಿಯಲು ಶುರುವಾಗುತ್ತದೆ, ಒಂದು ತಿಂಗಳಲ್ಲಿ ಬಹುಪಾಲು ಹೋಗಿರುತ್ತದೆ. ಹಾಗಾಗಿ ತಂಪು ಕಾಲ ಮುಗಿದ ಮೇಲೆ, ಚಳಿ ದೇಶದಿಂದ ಬಂದ ಮೇಲೆ, ಕಾಯಿಲೆ ಬಿದ್ದು ಎದ್ದ ಮೇಲೆ ಏಳನೇ ಹೆಜ್ಜೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು. ವರ್ಷದ ಮೊದಲ ಬಿಸಿ ವಾರದಲ್ಲಿ ವಿಶೇಷ ಎಚ್ಚರ ಬೇಕು, ಆಗ ಯಾರ ಮೈಯೂ ತಯಾರಾಗಿರುವುದಿಲ್ಲ. ಆ ವಾರ ಬರುವ ಎರಡು ವಾರ ಮುಂಚೆಯೇ ನಡಿಗೆ ಶುರು ಮಾಡಿ, ಹಳೆಯ ನೋಟ್‌ಬುಕ್ ತೆಗೆದು ಕಳೆದ ವರ್ಷದ ಮೊದಲ ಪುಟಗಳನ್ನು ಓದಿ. ಸೂಚನೆ ಬದಲಾಗಿರಬಹುದು, ಅದನ್ನೂ ಹೊಸದಾಗಿ ಬರೆದುಕೊಳ್ಳಿ.